ರಕ್ತ ಕೊಟ್ಟವರ ರಿಪೋರ್ಟು ಎಲ್ಲಿ, ಸರ್?

ಮಾನ್ಯ ಪ್ರಾಧ್ಯಾಪಕರೇ,

ಈ ಪತ್ರದ ವಿಷಯ ತಮಗೆ ಹೊಸದಲ್ಲ. ಇ-ಮೇಲ್ ಕಳುಹಿಸಿದೆ, ತಮ್ಮ ವಿಭಾಗಕ್ಕೆ ಫೋನ್ ಮಾಡಿದೆ, ರಜೆಗೆ ಊರಿಗೆ ಬಂದಾಗ ತಮ್ಮ ಕೊಠಡಿಯ ಹೊರಗೆ ಕಾದೂ ನೋಡಿದೆ. ‘ವಿಶ್ಲೇಷಣೆ ನಡೆಯುತ್ತಿದೆ’ ಎಂಬ ಒಂದು ಸಾಲಿನ ಉತ್ತರ ಬಿಟ್ಟರೆ ಬೇರೇನೂ ಬರಲಿಲ್ಲ. ಈಗ ತಮ್ಮ ಪ್ರಬಂಧವೇ ಅಚ್ಚಾಗಿದೆ. ಅಂದಮೇಲೆ ವಿಶ್ಲೇಷಣೆ ಮುಗಿದಿರಲೇಬೇಕು. ಹಾಗಾಗಿ ನಾಲ್ಕು ಜನ ಓದುವ ಕಡೆ ಕೇಳುತ್ತಿದ್ದೇನೆ: ಮಾಲ್ಡೀವ್ಸ್‌ನ ನಮ್ಮ ದ್ವೀಪದಿಂದ ತಾವು ತೆಗೆದುಕೊಂಡು ಹೋದ ರಕ್ತದ ರಿಪೋರ್ಟುಗಳು ಎಲ್ಲಿ?

ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇಲ್ಲಿ ಮನೆಮನೆಯ ಮಾತು. ಹೆಚ್ಚುಕಡಿಮೆ ಆರು ಜನರಲ್ಲಿ ಒಬ್ಬರು ವಾಹಕರು. ಜಗತ್ತಿನಲ್ಲೇ ಅತಿ ಹೆಚ್ಚು ವಾಹಕರಿರುವ ದೇಶಗಳಲ್ಲಿ ಇದೊಂದು. ವಾಹಕರನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆದರೆ ಇಬ್ಬರು ವಾಹಕರು ಮದುವೆಯಾದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಮೈಯಲ್ಲಿ ಸೇರುವ ಕಬ್ಬಿಣ ಇಳಿಸಲು ಜೀವನಪೂರ್ತಿ ಔಷಧಿ ಕೊಡಬೇಕು. ಅದಕ್ಕೇ ಇಲ್ಲಿ 1992ರಲ್ಲೇ ತಪಾಸಣೆ ಶುರುವಾಯಿತು, 2012ರಲ್ಲಿ ಕಾನೂನೂ ಬಂತು. ಮದುವೆಗೆ ಮುಂಚೆ ರಿಪೋರ್ಟು ಬೇಕೇ ಬೇಕು.

ಇಷ್ಟೆಲ್ಲ ಗೊತ್ತಿದ್ದೇ ತಾವು ಬಂದಿರಿ. ಶಾಲೆಯ ಹಾಲ್‌ನಲ್ಲಿ ಜನರ ಮುಂದೆ ನಿಂತು, ‘ಮೂರು ತಿಂಗಳೊಳಗೆ ಪ್ರತಿಯೊಬ್ಬರ ಕೈಗೂ ಅವರವರ ರಿಪೋರ್ಟು ಬರುತ್ತದೆ, ಇದಕ್ಕಾಗಿ ರಾಜಧಾನಿ ಮಾಲೆಗೆ ಹೋಗಿ ಖರ್ಚು ಮಾಡಿಕೊಳ್ಳಬೇಡಿ’ ಎಂದಿರಿ. ಮೇಷ್ಟ್ರೊಬ್ಬರು ಅದನ್ನು ಇಲ್ಲಿನ ದಿವೇಹಿ ಭಾಷೆಯಲ್ಲಿ ಹೇಳಿದರು. ಆ ಮಾತು ನಂಬಿ ಜನ ಸಾಲುಗಟ್ಟಿದರು. ನೇರಳೆ ಮುಚ್ಚಳದ ಟ್ಯೂಬುಗಳಿಗೆ ಚೀಟಿ ಅಂಟಿಸಿದವಳು ನಾನು. ಐಸ್ ಬಾಕ್ಸಿನಲ್ಲಿ ಜೋಡಿಸಿ, ಬಿಸಿಲು ತಾಗದಂತೆ ಒದ್ದೆ ಬಟ್ಟೆ ಹೊದಿಸಿ ದೋಣಿ ಹತ್ತಿಸಿದವಳೂ ನಾನೇ.

ಹಾಗಾಗಿ ಜನ ಕೇಳುವುದು ನನ್ನನ್ನು. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ವಾರವಾರವೂ ಒ.ಪಿ.ಡಿ. ಕಿಟಕಿಗೆ ಬಂದು ‘ಬಂತಾ ಸಿಸ್ಟರ್?’ ಎನ್ನುತ್ತಿದ್ದಳು. ಕಾದು ಸಾಕಾಗಿ, ಕೈಯಿಂದ ದುಡ್ಡು ಹಾಕಿಕೊಂಡು ಮಾಲೆಗೆ ಹೋಗಿ ಮತ್ತೆ ರಕ್ತ ಕೊಟ್ಟಳು. ಇನ್ನೊಬ್ಬಾಕೆಯ ಹಳೆಯ ರಿಪೋರ್ಟು ಅನುಮಾನದ್ದು. ಮೈಯಲ್ಲಿ ಕಬ್ಬಿಣ ಕಮ್ಮಿಯಿದ್ದರೆ ವಾಹಕರನ್ನು ಗುರುತಿಸುವ ಎಚ್‌ಬಿಎ2 ಅಂಶ ಇಳಿದು, ವಾಹಕರೆಂಬುದು ಮರೆಯಾಗಬಹುದೆಂದು ವಿವರಿಸಿದವರು ತಾವು. ಡಿಎನ್‌ಎ ಪರೀಕ್ಷೆಯಲ್ಲಿ ಖಚಿತವಾಗುತ್ತದೆ ಎಂದು ಆಕೆಗೆ ಧೈರ್ಯ ಹೇಳಿದವರೂ ತಾವೇ. ಈಗ ಆಕೆ ಬಸುರಿ. ಉತ್ತರ ನಿಮ್ಮ ಕಂಪ್ಯೂಟರಿನಲ್ಲಿದೆ, ಆಕೆಯ ಕೈಯಲ್ಲಿಲ್ಲ.

ನಿಮ್ಮ ಪ್ರಬಂಧ ಓದಿದೆ. ಅದರಲ್ಲಿ ನಮ್ಮ ದ್ವೀಪ ಕೋಷ್ಟಕದ ಒಂದು ಸಾಲು. ಕೊನೆಗೆ ‘ಸ್ಥಳೀಯ ಸಿಬ್ಬಂದಿಗೆ ಕೃತಜ್ಞತೆಗಳು’. ನಿಮ್ಮ ಕೃತಜ್ಞತೆ ಬೇಡ ಸರ್, ರಿಪೋರ್ಟು ಕೊಡಿ. ಹೆಸರು ತೆಗೆದು ನಂಬರ್ ಹಾಕಿದ್ದೇವೆ, ಗೌಪ್ಯತೆಯ ಪ್ರಶ್ನೆ ಎಂದು ನಿಮ್ಮ ಸಹಾಯಕರು ಫೋನಿನಲ್ಲಿ ಹೇಳಿದರು. ಯಾರಿಂದ ಗೌಪ್ಯ? ರಕ್ತ ಕೊಟ್ಟವರಿಂದಲೇ? ಯಾವ ನಂಬರ್ ಯಾರದೆಂಬ ಪಟ್ಟಿ ಬರೆದು ಕೊಟ್ಟವಳೇ ನಾನು!

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವವರು ನೀವೊಬ್ಬರೇ ಅಲ್ಲ. ಸಣ್ಣ ದ್ವೀಪವೆಂದರೆ ಸಂಶೋಧಕರಿಗೆಲ್ಲ ಆಸೆ: ಜನ ಕಮ್ಮಿ, ನೆಂಟಸ್ತಿಕೆ ಒಳಗೊಳಗೇ, ಪ್ರಶ್ನೆ ಕೇಳುವವರು ಇನ್ನೂ ಕಮ್ಮಿ. 2000ದಲ್ಲಿ ಆಸ್ಟ್ರೇಲಿಯಾದ ಆಟೋಜೆನ್ ಕಂಪನಿ ಟೋಂಗಾದ ಜನರ ವಂಶವಾಹಿ ಮಾಹಿತಿಗೆ ಕೈಹಾಕಿದಾಗ ಅಲ್ಲಿನ ಚರ್ಚುಗಳು ತಿರುಗಿಬಿದ್ದವು, ಯೋಜನೆ ನಿಂತೇಹೋಯಿತು. ಹಾಗೆಂದು ಸಂಶೋಧನೆಯೇ ಬೇಡವೆನ್ನುವವಳಲ್ಲ ನಾನು. ಮಾರಿಷಸ್‌ನಲ್ಲಿ 1987ರಲ್ಲಿ ಸರ್ಕಾರ ರೇಷನ್ ಎಣ್ಣೆಯನ್ನು ತಾಳೆಯಿಂದ ಸೋಯಾಗೆ ಬದಲಿಸಿತು. ಅದೇ ವರ್ಷ ಜನರನ್ನು ಪರೀಕ್ಷಿಸಿದವರು 1992ರಲ್ಲಿ ಮತ್ತೆ ಬಂದು ನೋಡಿದರು. ಸರಾಸರಿ ಕೊಲೆಸ್ಟ್ರಾಲ್ ಇಳಿದಿತ್ತು. ಅಲ್ಲಿ ರಕ್ತ ಕೊಟ್ಟವರ ಅಡುಗೆಮನೆಗೇ ಪ್ರಯೋಜನ ಸಿಕ್ಕಿತು. ನಮ್ಮ ದ್ವೀಪಕ್ಕೆ ಏನು ಸಿಕ್ಕಿತು? ಸಿಕಲ್ ಸೆಲ್ ತಪಾಸಣೆಗೆಂದು ನಮ್ಮ ಕರ್ನಾಟಕದ ಹಾಡಿಗಳಿಗೆ ಹೋಗುವ ತಂಡಗಳಿಗೂ ನನ್ನ ಪ್ರಶ್ನೆ ಇದೇ: ಸೂಜಿ ಹಿಡಿದು ಹೋದವರು ಚೀಟಿ ಹಿಡಿದು ವಾಪಸ್ ಹೋಗಿದ್ದೀರಾ?

ನಾನು ಕೇಳುವುದಿಷ್ಟೇ. ರಿಪೋರ್ಟುಗಳನ್ನು ಮುಚ್ಚಿದ ಲಕೋಟೆಯಲ್ಲಿ, ಹೆಸರು ಹೆಸರಿಗೆ ಕಳುಹಿಸಿ. ಬಸುರಿಯದನ್ನು ಇವತ್ತೇ ಆಕೆಯ ಡಾಕ್ಟರಿಗೆ ತಲುಪಿಸಿ. ಉಳಿದ ರಕ್ತ ಯಾವ ಫ್ರೀಜರಿನಲ್ಲಿದೆ, ಯಾವುದಕ್ಕೆ ಬಳಸುತ್ತಿದ್ದೀರಿ ಎಂದು ಬರೆದು ತಿಳಿಸಿ. ಕೊಟ್ಟವರು ಮತ್ತೆ ಒಪ್ಪುವವರೆಗೆ ಅದನ್ನು ಮುಟ್ಟಬೇಡಿ.

ನಿಮ್ಮ ತಂಡ ಸದ್ಯದಲ್ಲೇ ಪಕ್ಕದ ದ್ವೀಪಕ್ಕೆ ಬರುತ್ತದಂತೆ. ಅಲ್ಲಿನ ನರ್ಸ್ ನನ್ನ ಗೆಳತಿ. ನಮ್ಮ ರಿಪೋರ್ಟುಗಳು ಬರುವ ತನಕ ಒಬ್ಬರ ತೋಳಿಗೂ ಪಟ್ಟಿ ಕಟ್ಟಬೇಡ ಎಂದು ಅವಳಿಗೆ ಹೇಳಿದ್ದೇನೆ. ಅವಳು ಒಪ್ಪಿದ್ದಾಳೆ.

ಇತಿ,
ಮಾಲ್ಡೀವ್ಸ್‌ನಲ್ಲಿ ದುಡಿಯುವ ಕನ್ನಡದ ನರ್ಸ್