ಸಾವಿಗೂ ಬೆಲೆ ಇಲ್ಲದ ಸಾಹಸಗಳು

2008ರ ‘ಐರನ್ ಮ್ಯಾನ್’ನಿಂದ ಆರಂಭಗೊಂಡ ಮಾರ್ವೆಲ್ ಸ್ಟುಡಿಯೋಸ್‌ನ ಚಿತ್ರಸರಣಿ 2019ರ ‘ಅವೆಂಜರ್ಸ್: ಎಂಡ್‌ಗೇಮ್’ ವೇಳೆಗೆ 22 ಚಿತ್ರಗಳನ್ನು ಪೂರೈಸಿತ್ತು. ಆ ಒಂದು ಚಿತ್ರವೇ ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು. ನಾಲ್ಕು ವರ್ಷಗಳ ತರುವಾಯ, 2023ರಲ್ಲಿ ತೆರೆಕಂಡ ‘ದಿ ಮಾರ್ವೆಲ್ಸ್’ ಸುಮಾರು 20 ಕೋಟಿ ಡಾಲರ್ ಗಳಿಸಿ, ಸರಣಿಯಲ್ಲೇ ಅತಿ ಕಡಿಮೆ ಗಳಿಕೆಯ ಚಿತ್ರವೆನಿಸಿತು. ಪ್ರೇಕ್ಷಕರಿಗೆ ಸೂಪರ್‌ಹೀರೊಗಳು ಸಾಕೆನಿಸಿದ್ದಾರೆ ಎಂಬುದು ಈ ಕುಸಿತಕ್ಕೆ ಸಾಮಾನ್ಯವಾಗಿ ನೀಡಲಾಗುವ ಕಾರಣ. ಈ ವಾದವನ್ನು ನಾನು ಒಪ್ಪಲಾರೆ.

ಏಕೆಂದರೆ ಅದೇ 2023ರಲ್ಲಿ, ಅದೇ ಸಂಸ್ಥೆಯಿಂದ ಬಂದ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯ ಮೂರನೆಯ ಭಾಗ ಸುಮಾರು 84 ಕೋಟಿ ಡಾಲರ್ ಗಳಿಸಿತು. ಜನರಿಗೆ ಬೇಸರ ಬಂದದ್ದು ನಾಯಕರ ಮೇಲಲ್ಲ, ಕಥೆ ಹೇಳುವ ರೀತಿಯ ಮೇಲೆ.

ಮೊದಲನೆಯ ದೋಷ ಅತಿಯಾದ ಉತ್ಪಾದನೆ. 2008ರಿಂದ 2012ರವರೆಗಿನ ಐದು ವರ್ಷಗಳಲ್ಲಿ ಸರಣಿಯಲ್ಲಿ ಬಂದದ್ದು ಆರು ಚಿತ್ರಗಳು ಮಾತ್ರ. 2009ರಲ್ಲಿ ಮಾರ್ವೆಲ್ ಅನ್ನು ಕೊಂಡ ಡಿಸ್ನಿ, 2019ರ ನವೆಂಬರ್‌ನಲ್ಲಿ ತನ್ನದೇ ಸ್ಟ್ರೀಮಿಂಗ್ ಸೇವೆ ಆರಂಭಿಸಿತು. ಅದರ ಹಸಿವನ್ನು ತಣಿಸಲು 2021 ಮತ್ತು 2022ರಲ್ಲಿ ಏಳು ಚಿತ್ರಗಳ ಜೊತೆಗೆ ಎಂಟು ಧಾರಾವಾಹಿಗಳು ಹೊರಬಂದವು. ಒಂದು ಚಿತ್ರದ ಅರ್ಥಕ್ಕೆ ಇನ್ನೊಂದು ಧಾರಾವಾಹಿಯ ಪರಿಚಯ ಅಗತ್ಯವಾಯಿತು. ‘ವಾಂಡಾವಿಷನ್’ ನೋಡದವರಿಗೆ, 2022ರ ‘ಡಾಕ್ಟರ್ ಸ್ಟ್ರೇಂಜ್’ ಚಿತ್ರದಲ್ಲಿ ವಾಂಡಾ ಮಕ್ಕಳಿಗಾಗಿ ಹಂಬಲಿಸುವುದರ ಹಿನ್ನೆಲೆ ಅರೆಬರೆಯಾಗಿಯಷ್ಟೇ ದಕ್ಕುತ್ತದೆ. ಮನರಂಜನೆ ಮನೆಗೆಲಸವಾಗಿ ಮಾರ್ಪಟ್ಟಿತು. ಹೆಚ್ಚಿದ ಉತ್ಪಾದನೆಯಿಂದ ಗಮನ ಚದುರಿತೆಂದು ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ 2023ರಲ್ಲಿ ಸ್ವತಃ ಒಪ್ಪಿಕೊಂಡರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನ ದೃಶ್ಯಪರಿಣಾಮ ವಿಭಾಗದ ಕೆಲಸಗಾರರು ಕಾರ್ಮಿಕ ಸಂಘ ಸೇರಲು ಸರ್ವಾನುಮತದಿಂದ ಮತ ಚಲಾಯಿಸಿದ್ದನ್ನೂ ಈ ಧಾವಂತದ ಹಿನ್ನೆಲೆಯಲ್ಲಿಯೇ ನೋಡಬೇಕು.

ಆದರೆ ಸಂಖ್ಯೆಯನ್ನು ಇಳಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ನನಗಿಲ್ಲ. ಎರಡನೆಯ ದೋಷ ಇನ್ನೂ ಆಳವಾದುದು: ಈ ಕಥಾಲೋಕದಲ್ಲಿ ಸಾವಿಗೆ ಬೆಲೆಯಿಲ್ಲ. ‘ಎಂಡ್‌ಗೇಮ್’ ಕೊನೆಯಲ್ಲಿ ಟೋನಿ ಸ್ಟಾರ್ಕ್ ಜಗತ್ತನ್ನು ಉಳಿಸಲು ಪ್ರಾಣ ತೆತ್ತಾಗ ಚಿತ್ರಮಂದಿರಗಳು ಸ್ತಬ್ಧವಾದದ್ದು ಅದು ಮರಳಿ ಪಡೆಯಲಾಗದ ನಷ್ಟವೆಂಬ ಕಾರಣಕ್ಕೆ. ತರುವಾಯ ಬಂದ ಬಹುವಿಶ್ವದ ಕಲ್ಪನೆ ಆ ನಷ್ಟವನ್ನೇ ಅಳಿಸಿಹಾಕಿತು. 2018ರಲ್ಲಿ ಸತ್ತ ಲೋಕಿ, ಬೇರೊಂದು ಕಾಲಧಾರೆಯಿಂದ ಬಂದು 2021ರಲ್ಲಿ ತನ್ನದೇ ಧಾರಾವಾಹಿಯ ನಾಯಕನಾದ. ಚಕ್ರವ್ಯೂಹದಲ್ಲಿ ಮಡಿದ ಅಭಿಮನ್ಯು ಮರುದಿನವೇ ಮತ್ತೊಂದು ಲೋಕದಿಂದ ಹಿಂದಿರುಗಿ ಬಿಲ್ಲೆತ್ತಿದ್ದರೆ ಅರ್ಜುನನ ಪ್ರತಿಜ್ಞೆಗೆ ಅರ್ಥವೆಲ್ಲಿ ಉಳಿಯುತ್ತಿತ್ತು?

‘ಗಾರ್ಡಿಯನ್ಸ್’ ಗೆದ್ದದ್ದು ಇಲ್ಲಿಯೇ. ಅದರಲ್ಲಿಯೂ ಸತ್ತ ಗಮೋರಾಳ ಇನ್ನೊಂದು ರೂಪವಿದೆ. ಆದರೆ ಆಕೆಗೂ ನಾಯಕ ಕ್ವಿಲ್‌ನ ಹಳೆಯ ಪ್ರೇಮಕ್ಕೂ ಸಂಬಂಧವಿಲ್ಲ. ಕಳೆದುಕೊಂಡದ್ದು ಮರಳುವುದಿಲ್ಲ ಎಂಬ ಸತ್ಯವನ್ನು ನಿರ್ದೇಶಕ ಜೇಮ್ಸ್ ಗನ್ ಮರೆಮಾಚುವುದಿಲ್ಲ.

ಸಂಸ್ಥೆ ಕಲಿತ ಪಾಠ ಬೇರೆಯೇ ಎನಿಸುತ್ತದೆ. 2017ರ ‘ಲೋಗನ್’ನಲ್ಲಿ ಮತ್ತೊಂದು ಸ್ಟುಡಿಯೋ ಗೌರವದಿಂದ ಬೀಳ್ಕೊಟ್ಟಿದ್ದ ವುಲ್ವರೀನ್ ಪಾತ್ರವನ್ನು ಮಾರ್ವೆಲ್ 2024ರಲ್ಲಿ ಮರಳಿ ತಂದು 130 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಅದೇ ಜುಲೈನಲ್ಲಿ, ಟೋನಿ ಸ್ಟಾರ್ಕ್ ಪಾತ್ರಧಾರಿ ರಾಬರ್ಟ್ ಡೌನಿ ಜೂನಿಯರ್ ‘ಅವೆಂಜರ್ಸ್: ಡೂಮ್ಸ್‌ಡೇ’ಯಲ್ಲಿ ಖಳನಾಯಕನಾಗಿ ಮರಳುವರೆಂದು ಘೋಷಿಸಿತು. ಹಳೆಯ ಮುಖಗಳು ಒಂದೆರಡು ಬಾರಿ ಜನರನ್ನು ಸೆಳೆದಾವು. ಆದರೆ 2025ರ ‘ಥಂಡರ್‌ಬೋಲ್ಟ್ಸ್’ ವಿಮರ್ಶಕರ ಮೆಚ್ಚುಗೆ ಗಳಿಸಿಯೂ ಸುಮಾರು 38 ಕೋಟಿ ಡಾಲರ್‌ಗೆ ನಿಂತುಹೋಯಿತು. ಗುಣಮಟ್ಟ ಸುಧಾರಿಸಿದಾಗಲೂ ಪ್ರೇಕ್ಷಕ ಹಿಂದಿರುಗಲಿಲ್ಲ ಎಂಬುದು ನಿಜವಾದ ಎಚ್ಚರಿಕೆ.

ಹನ್ನೊಂದು ವರ್ಷಗಳಲ್ಲಿ ಗಳಿಸಿದ ವಿಶ್ವಾಸವನ್ನು ನಾಲ್ಕು ವರ್ಷಗಳಲ್ಲಿ ಖರ್ಚು ಮಾಡಿದ ಸಂಸ್ಥೆಗೆ ಇಂದು ಬೇಕಿರುವುದು ಮತ್ತೊಬ್ಬ ಹಳೆಯ ನಾಯಕನಲ್ಲ, ಮುಗಿಯುವ ಧೈರ್ಯವುಳ್ಳ ಒಂದು ಕಥೆ.