ಕನ್ನಡಕದೊಳಗೆ ಕನ್ನಡ ಎಲ್ಲಿ?



ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಸುಮಾರು 20 ಕಿಲೋಮೀಟರ್ ದೂರಕ್ಕೆ ತಿಕೋಟಾ. ದ್ರಾಕ್ಷಿ ಬೆಳೆಯುವ ನೆಲ. ಅಲ್ಲಿನ ಕನ್ನಡ ಶಾಲೆಯ ಎಂಟನೇ ತರಗತಿಯ ಹುಡುಗಿಯೊಬ್ಬಳ ಕಣ್ಣಿಗೆ ವರ್ಚುವಲ್ ರಿಯಾಲಿಟಿ ಕನ್ನಡಕ ಏರಿಸಿದಿರಿ ಎಂದುಕೊಳ್ಳಿ. ಎರಡು ಕಣ್ಣಿಗೆ ತುಸು ಬೇರೆ ಬೇರೆ ಚಿತ್ರ. ತಲೆ ತಿರುಗಿಸಿದತ್ತ ನೋಟವೂ ತಿರುಗುತ್ತದೆ. ಹುಡುಗಿ ಮನುಷ್ಯನ ಹೃದಯದೊಳಗೇ ನಿಂತು ರಕ್ತ ಹರಿಯುವುದನ್ನು ನೋಡುತ್ತಾಳೆ. ‘ಅಬ್ಬಬ್ಬಾ!’ ಎನ್ನುತ್ತಾಳೆ. ಮರುಕ್ಷಣ ಕಿವಿಗೆ ಸರಸರ ಇಂಗ್ಲಿಷ್! ಕನ್ನಡಕ ತೆಗೆದಿಟ್ಟು, ‘ಇದು ನಮಗಲ್ಲ ಬಿಡ್ರಿ ಸರ್’ ಎಂದರೆ ನಿಮ್ಮಲ್ಲಿ ಉತ್ತರವಿದೆಯೇ?

ಹಳ್ಳಿ ಮಕ್ಕಳಿಗೆ ತಂತ್ರಜ್ಞಾನ ಕಂಡರೆ ಅಂಜಿಕೆ ಎನ್ನುವವರಿದ್ದಾರೆ. ಸುಳ್ಳು! ಮೊಬೈಲ್ ಕೈಗೆ ಕೊಟ್ಟು ನೋಡಿ, ನಿಮಗೇ ಪಾಠ ಹೇಳುತ್ತಾರೆ. ಅಂಜಿಕೆ ಯಂತ್ರದ್ದಲ್ಲ, ಯಂತ್ರ ಆಡುವ ಭಾಷೆಯದು. ಸಿದ್ಧ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನವು. ‘ನಾಳಿನ ಜಗತ್ತಿನಲ್ಲಿ ಕನ್ನಡ ಇಲ್ಲ’ ಎಂದು ಯಾವ ಮೇಷ್ಟ್ರೂ ಹೇಳಬೇಕಿಲ್ಲ, ಆ ಕನ್ನಡಕವೇ ಹೇಳಿಬಿಡುತ್ತದೆ. ಬೆರಗು ಕೀಳರಿಮೆಯಾಗಲು ಒಂದು ನಿಮಿಷ ಸಾಕು.

ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಲೇಬೇಕೆಂದು 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದಿರಿ. 2024ರಲ್ಲಿ ಕಾನೂನೂ ಬಂತು. ಶಹಬ್ಬಾಸ್! ಆದರೆ ಈ ಕನ್ನಡಕದೊಳಗಿನ ಬೋರ್ಡಿಗೆ ಮಸಿ ಬಳಿಯಲು ಬರುವುದಿಲ್ಲ. ಅಲ್ಲಿ ಕನ್ನಡ ಬೇಕೆಂದರೆ ಕೂತು ಕಟ್ಟಬೇಕು. ಕಟ್ಟುವವರು ಯಾರು? ಹಗಲೆಲ್ಲ ಪರದೇಶದ ಕಂಪನಿಗೆ ಕೋಡ್ ಬರೆಯುವ ನೀವೇ!

ನೆಪ ಹೇಳಬೇಡಿ. ದುಬಾರಿಯೇ? 2014ರಲ್ಲಿ ಗೂಗಲ್ ರಟ್ಟಿನ ಪೆಟ್ಟಿಗೆ, ಎರಡು ಮಸೂರ, ಒಂದು ಮೊಬೈಲಿನಲ್ಲೇ ಇದನ್ನು ತೋರಿಸಿತು. 2021ರಲ್ಲಿ ಮಾರಾಟ ನಿಂತಿತು, ವಿದ್ಯೆ ನಿಲ್ಲಲಿಲ್ಲ. ಅಕ್ಷರದ ತೊಡಕೇ? 1991ರಿಂದ ಯೂನಿಕೋಡಿನಲ್ಲಿ ಕನ್ನಡವಿದೆ. ಅಷ್ಟಕ್ಕೂ ಧ್ವನಿಗೆ ಫಾಂಟ್ ಬೇಕೇ?

ಮೊದಲ ಪಾಠ ಗೋಳಗುಮ್ಮಟದ್ದೇ ಆಗಲಿ. 1656ರಲ್ಲಿ ಮುಗಿದ ಕಟ್ಟಡ. ಸುಮಾರು 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದೂ ಕಂಬವಿಲ್ಲ! ಒಂದನ್ನೊಂದು ಹಾಯುವ ಕಮಾನುಗಳು ಆ ಭಾರ ಹೊರುವುದು ಹೇಗೆ? ಗೋಡೆ ಸರಿಸಿ ತೋರಿಸಬಲ್ಲುದು ಈ ಕನ್ನಡಕ ಮಾತ್ರ. ವಿವರಣೆಯ ದನಿ ತಿಕೋಟಾದ ಹುಡುಗಿಯದೇ ಇರಲಿ, ಅವಳ ಊರಿನ ಕನ್ನಡದಲ್ಲೇ ಇರಲಿ. ಆಗ ಅವಳು ನೋಡುವವಳಷ್ಟೇ ಅಲ್ಲ, ಮಾಡುವವಳೂ ಹೌದು.

ಎಚ್ಚರವೂ ಬೇಕು. ಕಣ್ಣಿಗೆ ಓಟ ಕಂಡು ಮೈ ಕದಲದಿದ್ದರೆ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಎಳೆಯ ಮಕ್ಕಳಿಗೆ ಬೇಡ. ಹೈಸ್ಕೂಲಿನವರಿಗೆ ಕೂತಲ್ಲೇ ಕೆಲವೇ ನಿಮಿಷ, ಅದೂ ಮೇಷ್ಟ್ರ ಎದುರಿಗೆ.

ನವೆಂಬರ್ ಒಂದಕ್ಕೆ ಆರ್ಕೆಸ್ಟ್ರಾಕ್ಕೆಂದು ಚಂದಾ ಎತ್ತುತ್ತೀರಲ್ಲ? ಈ ಸಲ ಅದರಲ್ಲೊಂದು ಪಾಲು ತೆಗೆದಿಡಿ. ಒಂದೇ ಒಂದು ಕನ್ನಡ ಪಾಠ ಕಟ್ಟಿ, ಒಂದು ಸರ್ಕಾರಿ ಶಾಲೆಗೆ ಕೊಂಡೊಯ್ಯಿರಿ.

ಕನ್ನಡಕ ಯಾರದೇ ಆಗಿರಲಿ, ಒಳಗಿನ ಮಾತು ಕನ್ನಡವಾಗಲಿ!