ಶಿಶುಪಾಲನೆ: ಕ್ರೂಪ್ ಕೆಮ್ಮೂ ಸ್ಟೀರಾಯ್ಡ್ ಔಷಧವೂ

ಹಗಲೆಲ್ಲ ತುಸು ನೆಗಡಿಯೊಡನೆ ಆಡಿಕೊಂಡಿದ್ದ ಕೂಸು ನಡುರಾತ್ರಿಯಲ್ಲಿ ಫಕ್ಕನೆ ಎದ್ದು ನಾಯಿ ಬೊಗಳಿದಂತೆ ಕೆಮ್ಮತೊಡಗುತ್ತದೆ, ಸ್ವರವು ಒಡೆದಿರುತ್ತದೆ, ಉಸಿರನ್ನು ಒಳಕ್ಕೆಳೆಯುವಾಗ ಕರ್ಕಶ ಶಬ್ದವಾಗುತ್ತದೆ. ಇದೇ ಕ್ರೂಪ್ ಎಂಬ ವ್ಯಾಧಿಯು. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಲ್ಲಿ ಇದು ಹೆಚ್ಚು. ನಮ್ಮ ಜನರು ನಾಯಿಕೆಮ್ಮೆಂದು ಕರೆಯುವ, ವಾರಗಟ್ಟಲೆ ಕಾಡುವ ರೋಗವು ಬೇರೆ. ಹೆಸರಿನ ಹೋಲಿಕೆಯಿಂದ ವಾಚಕರು ಭ್ರಮಿಸಬಾರದು.

ಕ್ರೂಪಿಗೆ ಪ್ಯಾರಾಇನ್‌ಫ್ಲುಯೆಂಜಾ ಮೊದಲಾದ ವೈರಸ್ಸುಗಳು ಕಾರಣ. ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳದ ಒಳಪದರವು ಊದಿಕೊಳ್ಳುತ್ತದೆ. ದೊಡ್ಡವರಿಗೆ ಅಷ್ಟು ಬಾವಿನಿಂದ ಸ್ವರವು ಕಟ್ಟೀತು, ಅಷ್ಟೆ; ಶಿಶುವಿನ ನಾಳವೋ ಬಹು ಕಿರಿದು, ಅಲ್ಲಿ ಉಸಿರಿಗೇ ತಡೆಯುಂಟಾಗುತ್ತದೆ. ವೈರಸ್ಸಿನ ಮೇಲೆ ಆಂಟಿಬಯಾಟಿಕ್ಕುಗಳು ನಡೆಯವು. ಬಾವನ್ನಿಳಿಸತಕ್ಕದ್ದು ಸ್ಟೀರಾಯ್ಡ್ ಔಷಧ.

ಈ ಹೆಸರು ಕಿವಿಗೆ ಬಿದ್ದೊಡನೆ ಅನೇಕ ತಾಯ್ತಂದೆಗಳು ಹಿಂಜರಿಯುತ್ತಾರೆ. ಭಯವು ನಿರಾಧಾರವಲ್ಲ: ತಿಂಗಳುಗಟ್ಟಲೆ ಸೇವಿಸಿದರೆ ಮಗುವಿನ ಬೆಳವಣಿಗೆ ಕುಗ್ಗುವುದುಂಟು. ಆದರೆ ಕ್ರೂಪಿಗೆ ಸಾಮಾನ್ಯವಾಗಿ ಒಂದೇ ಸಲದ ಔಷಧ ಸಾಕು. ಆ ಒಂದು ಗುಟುಕಿಗೂ ದೀರ್ಘಕಾಲದ ಸೇವನೆಗೂ ಸಾಮ್ಯವಿಲ್ಲ. ರೋಗವು ಸೌಮ್ಯವಾಗಿದ್ದಾಗಲೂ ಇದರಿಂದ ಪ್ರಯೋಜನವುಂಟು. ಕೆನಡಾ ದೇಶದಲ್ಲಿ ಇಂತಹ ೭೨೦ ಮಕ್ಕಳನ್ನು ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದ ವರದಿಯನ್ನು ನೋಡೋಣ. ಔಷಧವಿಲ್ಲದ ಬರಿಯ ಪಾನಕ ಕುಡಿದವರಲ್ಲಿ ನೂರಕ್ಕೆ ಸುಮಾರು ೧೫ ಮಂದಿ ಮತ್ತೆ ವೈದ್ಯರ ಬಳಿಗೆ ಬರಬೇಕಾಯಿತು. ಡೆಕ್ಸಾಮೆಥಸೋನ್ ಕುಡಿದವರಲ್ಲಿ ಸುಮಾರು ೭ ಮಂದಿ ಮಾತ್ರ.

ಇನ್ನು ಆಯ್ಕೆಯ ಮಾತು. ಡೆಕ್ಸಾಮೆಥಸೋನ್ ಮತ್ತು ಪ್ರೆಡ್ನಿಸೋಲೋನ್ ಬಾಯಿಂದ ಕುಡಿಸತಕ್ಕವು. ಬುಡೆಸೊನೈಡ್ ನೆಬ್ಯುಲೈಜರ್ ಯಂತ್ರದ ಮೂಲಕ ಉಸಿರಿಗೆ ಕೊಡತಕ್ಕದ್ದು. ಡೆಕ್ಸಾಮೆಥಸೋನಿನ ಗುಣವು ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ವೈದ್ಯರು ಬಹುಮಟ್ಟಿಗೆ ಅದನ್ನೇ ಮೆಚ್ಚುತ್ತಾರೆ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ೧,೨೫೨ ಮಕ್ಕಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. ತೂಕದ ಪ್ರತಿ ಕಿಲೋಗ್ರಾಂಗೆ ಒಂದು ಗುಂಪಿಗೆ ೦.೬ ಮಿಲಿಗ್ರಾಂ ಡೆಕ್ಸಾಮೆಥಸೋನ್, ಇನ್ನೊಂದಕ್ಕೆ ೦.೧೫ ಮಿಲಿಗ್ರಾಂ, ಮೂರನೆಯದಕ್ಕೆ ೧ ಮಿಲಿಗ್ರಾಂ ಪ್ರೆಡ್ನಿಸೋಲೋನ್. ೨೦೧೯ರಲ್ಲಿ ಹೊರಬಂದ ಫಲಿತಾಂಶದಲ್ಲಿ ಇವುಗಳೊಳಗೆ ಹೇಳಿಕೊಳ್ಳುವಂತಹ ಭೇದ ಕಾಣಲಿಲ್ಲ. ಅದೇ ನಗರದ ೨೦೦೬ರ ಚಿಕ್ಕ ಪರೀಕ್ಷೆಯೊಂದರಲ್ಲಿ ಪ್ರೆಡ್ನಿಸೋಲೋನ್ ಪಡೆದವರೇ ಹೆಚ್ಚಾಗಿ ಮರಳಿ ಬಂದಿದ್ದರೆಂಬುದನ್ನೂ ಹೇಳಬೇಕು. ಒಟ್ಟಿನಲ್ಲಿ, ಒಂದು ಔಷಧಕ್ಕೂ ಇನ್ನೊಂದಕ್ಕೂ ಇರುವ ಅಂತರಕ್ಕಿಂತ ಔಷಧ ಕೊಡುವುದಕ್ಕೂ ಕೊಡದಿರುವುದಕ್ಕೂ ಇರುವ ಅಂತರವೇ ಹಿರಿದು. ಕೈಗೆ ಸಿಕ್ಕುವುದು ಯಾವುದು, ಮಗು ಉಗುಳದೆ ನುಂಗುವುದು ಯಾವುದು ಎಂಬುದನ್ನು ನೋಡಿ ವೈದ್ಯರು ನಿರ್ಧರಿಸಲಿ. ವಾಂತಿಯಿಂದ ಔಷಧ ನಿಲ್ಲದಿದ್ದರೆ ಯಂತ್ರದ ಬುಡೆಸೊನೈಡ್ ಅಥವಾ ಸೂಜಿಮದ್ದು ಉಂಟು.

ಸ್ಟೀರಾಯ್ಡ್ ಕೊಟ್ಟೊಡನೆಯೇ ಗುಣ ಕಾಣದು. ಒಂದೆರಡು ಗಂಟೆ ಬೇಕು. ಆದುದರಿಂದ ರೋಗವು ತೀವ್ರವಾಗಿದ್ದರೆ ಆಸ್ಪತ್ರೆಯಲ್ಲಿ ಅಡ್ರಿನಲಿನ್ ಅನ್ನೂ ಯಂತ್ರದಿಂದ ಕೊಡುತ್ತಾರೆ. ಅದರ ಗುಣವು ಬೇಗ ಕಂಡು, ಸುಮಾರು ಎರಡು ಗಂಟೆಯಲ್ಲಿ ಇಳಿಯುತ್ತದೆ. ಮಗು ಹುಷಾರಾಯಿತೆಂದು ಕೂಡಲೆ ಮನೆಗೆ ಕರೆತರಲು ಅವಸರಪಡಬಾರದು.

ಮನೆಯವರು ಮಾಡತಕ್ಕದ್ದೇನೆಂದರೆ, ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಸಮಾಧಾನಪಡಿಸುವುದು. ಅತ್ತಷ್ಟೂ ಉಸಿರು ಬಿಗಿಯುತ್ತದೆ. ಬಿಸಿನೀರಿನ ಹಬೆಯನ್ನು ಹಿಡಿಯಬೇಡಿ: ಅದರಿಂದ ಗುಣವಾದೀತೆಂಬುದಕ್ಕೆ ಸಾಕಷ್ಟು ಆಧಾರವಿಲ್ಲ, ಸುಟ್ಟ ಗಾಯಗಳ ಅಪಾಯವಂತೂ ಉಂಟು. ಸುಮ್ಮನಿದ್ದಾಗಲೂ ಉಸಿರಿನ ಶಬ್ದ ಕೇಳಿಸಿದರೆ, ಪಕ್ಕೆಲುಬುಗಳ ನಡುವೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ, ಜೊಲ್ಲು ನುಂಗಲಾರದೆ ಸುರಿಸಿದರೆ, ಮಗು ಮಂಕಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಕಡೆಯದಾಗಿ ಒಂದು ಬಿನ್ನಹ. ಉಳಿದ ಸೀಸೆಯನ್ನು ಮುಂದಿನ ಕೆಮ್ಮಿಗೆಂದು ಅಲಮಾರಿನಲ್ಲಿ ಇಡಬೇಡಿ. ಎಲ್ಲ ಕೆಮ್ಮೂ ಕ್ರೂಪಲ್ಲ. ಮಗುವಿನ ತೂಕವೂ ಮೊದಲಿನಷ್ಟೇ ಇರದು. ವೈದ್ಯರು ಕಂಡು ಕೊಟ್ಟ ಒಂದು ಗುಟುಕಿಗೆ ಅಂಜದಿರುವುದು ಎಷ್ಟು ಮುಖ್ಯವೋ, ಅವರು ಕಾಣದೆ ಎರಡನೆಯ ಗುಟುಕನ್ನು ಕುಡಿಸದಿರುವುದೂ ಅಷ್ಟೇ ಮುಖ್ಯವೆಂದು ನಾವು ತಿಳಿಯುತ್ತೇವೆ.